ಕಾಗದದ ಪಟ್ಟಿಯ ವೇಷ ಕಟ್ಟಿದ ತಂತಿ

ಮೈ ಗಟ್ಟಿಯಾಗಿದೆ, ಕಿವಿ ಹೋಗಿದೆ! ತೂತಿನ ಪಟ್ಟಿಯನ್ನೋದಿ ದುಡಿಯುತ್ತಿದ್ದ ಹಳೆಯ ಸಿಎನ್‌ಸಿ ಲೇಥಿಗೆ, ಪಟ್ಟಿಯೇ ಮಣ್ಣು ಸೇರಿದ ಈ ಕಾಲದಲ್ಲಿ ಆಜ್ಞೆ ಮುಟ್ಟಿಸುವುದು ಹೇಗೆ? ಖಂಡೇಪೂಜೆಯ ಹಿಂದಿನ ಸಂಜೆ ರಾಯಬಾಗದ ಒಂದು ವರ್ಕ್‌ಶಾಪಿನಲ್ಲಿ ಕಂಡ ಉಪಾಯ: ಮೂರು ತಂತಿ, ಒಂದು ಲ್ಯಾಪ್‌ಟಾಪು, ಕೊಂಚ ಕಪಟ.

ದುರ್ಗಾಷ್ಟಮಿಯ ಸಂಜೆ, ದೀಪ ಹಚ್ಚುವ ಹೊತ್ತಿಗೆ, ರಾಯಬಾಗದಿಂದ ರೈಲು ನಿಲ್ದಾಣದ ಕಡೆಗೆ ಹೋಗುವ ದಾರಿಯ ಬದಿಯಲ್ಲಿರುವ ಒಂದು ತಗಡಿನ ಮಾಡಿನ ವರ್ಕ್‌ಶಾಪಿನೊಳಗೆ ನಾನು ಕಾಲಿಟ್ಟಾಗ, ಮರುದಿನದ ಖಂಡೇಪೂಜೆಗೆಂದು ತಂದಿರಿಸಿದ ಚೆಂಡುಹೂವಿನ ರಾಶಿ, ಕಬ್ಬಿನ ಜಲ್ಲೆ, ಎರಡು ಬೂದುಗುಂಬಳಕಾಯಿ ಇವೆಲ್ಲವೂ ಬಾಗಿಲಲ್ಲಿಯೇ ಬಿದ್ದಿದ್ದುವು. ಅವುಗಳನ್ನು ಕಟ್ಟಿ ಸಿಂಗರಿಸಬೇಕಾಗಿದ್ದ ಕೈಗಳೆಲ್ಲ ಒಳಗೆ ಒಂದು ಯಂತ್ರದ ಬೆನ್ನ ಹಿಂದೆ ನೆರೆದಿದ್ದುವು.

ಆ ಯಂತ್ರ, ಹಸುರು ಬಣ್ಣ ಅಲ್ಲಲ್ಲಿ ಕಿತ್ತು ಒಳಗಿನ ಬೀಡು ಇಣುಕುತ್ತಿದ್ದ, ಆಳೆತ್ತರದ ಒಂದು ಸಿಎನ್‌ಸಿ ಲೇಥು. ಗಡಿಯಾಚೆ ಕೊಲ್ಹಾಪುರದ ಸೀಮೆಯ ಯಾವುದೋ ಕಾರ್ಖಾನೆಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ದುಡಿದು, ಹೊಸ ಯಂತ್ರಗಳು ಬಂದ ಮೇಲೆ ಮೂಲೆ ಸೇರಿ, ಕೊನೆಗೆ ಗುಜರಿಯ ತಕ್ಕಡಿಗೆ ಬೀಳಲಿದ್ದ ಅದನ್ನು, ಇಲ್ಲಿಯ ಮಾಲಕರು ಗುಜರಿಯ ದರಕ್ಕಿಂತ ಕೊಂಚವೇ ಹೆಚ್ಚು ಕೊಟ್ಟು ಲಾರಿಯ ಮೇಲೆ ಹೇರಿಸಿಕೊಂಡು ಬಂದಿದ್ದರು. ಹಾಸು ಸವೆದಿಲ್ಲ, ಸ್ಪಿಂಡಲ್ಲು ನಡುಗುವುದಿಲ್ಲ, ಟರೆಟ್ಟು ಕರೆದ ಟೂಲನ್ನೇ ಮುಂದಕ್ಕೆ ತರುತ್ತದೆ.

“ಮೈ ಘಟ್ಟಿ ಐತ್ರಿ ಮಾಸ್ತರ, ಕಿವಿ ಹೋಗ್ಯಾವು,” ಎಂದರು ಮಾಲಕರು. ರೋಗವನ್ನು ಇದಕ್ಕಿಂತ ಚೆನ್ನಾಗಿ ಯಾವ ಇಂಜಿನಿಯರನೂ ಹೇಳಲಾರ.

ಸಾಮಾನ್ಯ ಲೇಥಿನಲ್ಲಿ ಟರ್ನರನ ಎರಡು ಕೈಗಳೇ ಎರಡು ಹಿಡಿಚಕ್ರಗಳನ್ನು ತಿರುಗಿಸಿ, ಟೂಲನ್ನು ಮುಂದಕ್ಕೊತ್ತಿ ಹಿಂದಕ್ಕೆಳೆದು ಕಬ್ಬಿಣವನ್ನು ಸುಲಿಯುತ್ತವೆ. ಸಿಎನ್‌ಸಿ ಲೇಥಿನಲ್ಲಿಯಾದರೋ ಕೈಯ ಸ್ಥಾನದಲ್ಲಿ ಮೋಟಾರುಗಳೂ ಕಣ್ಣಳತೆಯ ಸ್ಥಾನದಲ್ಲಿ ಅಂಕಿಗಳೂ ಬಂದು ಕುಳಿತಿರುತ್ತವೆ. ಇಷ್ಟು ವ್ಯಾಸಕ್ಕೆ ಬಾ, ಇಷ್ಟು ಉದ್ದ ಸಾಗು, ಇಷ್ಟು ವೇಗದಲ್ಲಿ ತಿರುಗು ಎಂಬ ಆಜ್ಞೆಗಳನ್ನು ಅಕ್ಷರ-ಅಂಕಿಗಳ ಸಾಲುಗಳಾಗಿ ಬರೆದಿಟ್ಟ ಪ್ರೋಗ್ರಾಂ ಒಂದು ಹೊರಗಿನಿಂದ ಒಳಗೆ ಹೋಗದಿದ್ದಲ್ಲಿ, ಅಷ್ಟು ಭಾರವಾದ ಯಂತ್ರವೆಲ್ಲ ಬರಿಯ ಬೀಡಿನ ಗುಡ್ಡೆ. 1970ರ, 1980ರ ದಶಕಗಳಲ್ಲಿ ಆ ಪ್ರೋಗ್ರಾಂ ಒಳಹೋಗುತ್ತಿದ್ದುದು ಒಂದು ಅಂಗುಲ ಅಗಲದ ಕಾಗದದ ಪಟ್ಟಿಯ ಮೂಲಕ.

ಯಂತ್ರದೊಡನೆ ಬಂದ ಒಂದು ತಗಡಿನ ಡಬ್ಬಿಯನ್ನು ಮಾಲಕರು ತೆರೆದು ತೋರಿಸಿದರು. ಒಳಗೆ ಒಣಗಿದ ಎಲೆಯಡಿಕೆಯ ಸುರುಳಿಗಳಂತೆ ಕೆಲವು ಪಟ್ಟಿಗಳು. ಒಂದನ್ನೆತ್ತಿ ಬಿಡಿಸಿದೆ. ಅಡ್ಡಸಾಲಿಗೆ ಹೆಚ್ಚೆಂದರೆ ಎಂಟು ತೂತು, ಮೂರರ ಮತ್ತು ನಾಲ್ಕರ ನಡುವೆ ಪಟ್ಟಿಯನ್ನೆಳೆಯುವ ಹಲ್ಲುಚಕ್ರಕ್ಕಾಗಿ ಒಂದು ಸಣ್ಣ ತೂತು. ಒಂದು ಅಡ್ಡಸಾಲು ಎಂದರೆ ಒಂದು ಅಕ್ಷರ, ಒಂದು ಅಂಗುಲಕ್ಕೆ ಹತ್ತು ಅಕ್ಷರ. ಸಣ್ಣ ತೂತನ್ನು ನಟ್ಟನಡುವೆ ಇಡದೆ ಒಂದು ಬದಿಗೆ ಸರಿಸಿದ್ದು, ಅವಸರದ ಆಪರೇಟರನು ಪಟ್ಟಿಯನ್ನು ಮಗುಚಿ ತೂರಿಸದಿರಲಿ ಎಂಬ ಜಾಣ್ಮೆಯಿಂದ.

ಪಟ್ಟಿಯ ಮೊದಲ ಗೇಣಿನಲ್ಲಿ ತೂತುಗಳೇ ಸೇರಿ, ನಮ್ಮ ಹೆಣ್ಣುಮಕ್ಕಳು ಚುಕ್ಕಿಯಿಟ್ಟು ಬಿಡಿಸುವ ರಂಗೋಲಿಯಂತೆ, ಬರಿಗಣ್ಣಿಗೆ ಕಾಣುವ ಇಂಗ್ಲಿಷ್ ಅಕ್ಷರಗಳಾಗಿದ್ದುವು: ಯಾವುದೋ ಭಾಗದ ಹೆಸರು. ಮನುಷ್ಯನಿಗಾಗಿ ಬರೆದ ಆ ಶಿರೋನಾಮೆಯನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊಟ್ಟಮೊದಲ ಸಾಲು ಮುಗಿಯಿತೆಂಬ ಗುರುತು ಕಾಣುವವರೆಗೆ ಬಂದುದನ್ನೆಲ್ಲ ಅದು ಕೇಳಿಯೂ ಕೇಳದಂತೆ ದಾಟಿಸಿಬಿಡುತ್ತದೆ.

ಪಟ್ಟಿಯನ್ನು ದೀಪಕ್ಕೆ ಹಿಡಿದಾಗ ರೋಗದ ಮೂಲ ಕಂಡಿತು. ಈ ಪಟ್ಟಿಯನ್ನು ಓದುವ ರೀಡರು ಬೆಳಕಿನಿಂದ ಓದುತ್ತದೆ. ಮೇಲಿನಿಂದ ದೀಪ, ಕೆಳಗಿನಿಂದ ಬೆಳಕನ್ನು ಗ್ರಹಿಸುವ ಸಣ್ಣ ಕಣ್ಣುಗಳು, ತೂತಿದ್ದಲ್ಲಿ ಬೆಳಕು, ಇಲ್ಲದಲ್ಲಿ ಕತ್ತಲೆ. ವರ್ಕ್‌ಶಾಪಿನ ಎಣ್ಣೆಗೈಗಳಲ್ಲಿ ವರ್ಷಗಟ್ಟಲೆ ಆಡಿದ ಪಟ್ಟಿಯು ಮಿರ್ಚಿಭಜಿ ಕಟ್ಟಿದ ಕಾಗದದಂತೆ ಎಣ್ಣೆ ಕುಡಿದು ಪಾರದರ್ಶಕವಾಗಿಬಿಟ್ಟಿತ್ತು. ತೂತೇ ಇಲ್ಲದಲ್ಲಿಯೂ ಬೆಳಕು ತೂರಿ, ಇಲ್ಲದ ಆಜ್ಞೆಗಳು ಹುಟ್ಟುವುದಕ್ಕೆ ಅಷ್ಟು ಸಾಕು. ಅದರ ಮೇಲೆ ರೀಡರಿನ ಕಣ್ಣುಗಳಲ್ಲಿಯೇ ಎರಡು ಕುರುಡಾಗಿದ್ದುವು. ಹೊಸ ರೀಡರು ಸಿಗುವುದು ಕಷ್ಟ, ಹೊಸ ಪಟ್ಟಿ ಕೊರೆಯುವ ಯಂತ್ರ ಸಿಗುವುದು ಇನ್ನೂ ಕಷ್ಟ. ಸಿಕ್ಕರೂ ಅದಕ್ಕೆ ಕೊಡುವ ಬೆಲೆಗೆ ಇಂತಹದೇ ಇನ್ನೊಂದು ಹಳೆಯ ಲೇಥು ಬಂದೀತು.

> ತೂತಿನ ವ್ಯಾಕರಣ
>
> ಪಟ್ಟಿಗೆ ಎರಡು ಲಿಪಿ. ಇಐಎ ಲಿಪಿಯಲ್ಲಿ ಪ್ರತಿ ಅಕ್ಷರದ ತೂತುಗಳ ಸಂಖ್ಯೆ ಬೆಸವಾಗಿರಬೇಕು. ಐಎಸ್‌ಒ ಲಿಪಿಯಲ್ಲಿ ಸಮವಾಗಿರಬೇಕು. ಒಂದು ತೂತು ಮುಚ್ಚಿಹೋದರೂ ಲೆಕ್ಕ ತಪ್ಪಿ ಯಂತ್ರ ಕೂಗಿಕೊಳ್ಳುತ್ತದೆ.
>
> 1 ಎಂಬ ಅಂಕಿಗೆ ಇಐಎಯಲ್ಲಿ ಒಂದೇ ತೂತು, ಐಎಸ್‌ಒದಲ್ಲಿ ನಾಲ್ಕು.
>
> ತಪ್ಪಾಗಿ ಕೊರೆದ ತೂತನ್ನು ಮುಚ್ಚಲಾಗದು. ಆದಕಾರಣ ಅಳಿಸುವುದೆಂದರೆ ಆ ಸಾಲಿನಲ್ಲಿ ಇರುವ ಜಾಗವನ್ನೆಲ್ಲ ಕೊರೆದುಬಿಡುವುದು; ಎಲ್ಲ ತೂತೂ ಇದ್ದರೆ ಆ ಅಕ್ಷರ ಇಲ್ಲವೆಂದೇ ಅರ್ಥ. ಕಂಪ್ಯೂಟರಿನ ಆಸ್ಕಿ ಕೋಷ್ಟಕದಲ್ಲಿ ‘ಡಿಲೀಟ್’ ಎಂಬುದಕ್ಕೆ 127, ಅಂದರೆ ಏಳಕ್ಕೆ ಏಳೂ ತೂತು, ಎಂಬ ಸಂಖ್ಯೆ ಇಂದಿಗೂ ಉಳಿದಿರುವುದು ಈ ಕಾರಣದಿಂದ.

ತೂತಿನ ಮೂಲಕ ಯಂತ್ರಕ್ಕೆ ಮಾತು ಕಲಿಸಿದವರು ಲೇಥಿನವರಲ್ಲ, ನೇಕಾರರು. ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ 1725ರಲ್ಲಿ ಬಾಸಿಲ್ ಬೂಶೋನ್ ಎಂಬಾತನು ತೂತು ಕೊರೆದ ಕಾಗದದ ಸುರುಳಿಯಿಂದ ಮಗ್ಗದ ಎಳೆಗಳನ್ನಾಯುವ ಉಪಾಯವನ್ನು ಕಂಡುಹಿಡಿದನು. 1804ರಲ್ಲಿ ಜಕಾರ್ಡನು ಅದನ್ನು ರಟ್ಟುಗಳ ಮಾಲೆಯಾಗಿ ಪಕ್ವಗೊಳಿಸಿದನು. ನಮ್ಮ ರಾಯಬಾಗದವರಿಗೆ ಇದು ದೂರದ ಸಂಗತಿಯಲ್ಲ. ಒಂದು ಕಡೆ ರಬಕವಿ-ಬನಹಟ್ಟಿ, ಇನ್ನೊಂದು ಕಡೆ ಇಚಲಕರಂಜಿ, ಎರಡೂ ಮಗ್ಗದ ಊರುಗಳೇ. ಮಗ್ಗದ ನೆತ್ತಿಯಿಂದ ಇಳಿಬಿದ್ದು ಟಪಟಪನೆ ತಿರುಗುವ ತೂತಿನ ರಟ್ಟುಗಳನ್ನು ಬಾಲ್ಯದಲ್ಲಿ ಬಾಯಿಬಿಟ್ಟು ನೋಡಿದವರು ಈ ಭಾಗದಲ್ಲಿ ಕಡಿಮೆಯಿಲ್ಲ. ಸೀರೆಯ ಸೆರಗಿನಲ್ಲಿ ಹೂವೆತ್ತುವುದಕ್ಕೂ ಉಕ್ಕಿನ ದಂಡಕ್ಕೆ ಮೆಟ್ಟಿಲು ಕಡೆಯುವುದಕ್ಕೂ ಒಂದೇ ಬುದ್ಧಿ.

ಲೋಹದ ಕಡೆಗೆ ಆ ಬುದ್ಧಿ ಹೊರಳಿದ್ದು ಎರಡನೆಯ ಮಹಾಯುದ್ಧದ ತರುವಾಯ. ಹೆಲಿಕಾಪ್ಟರಿನ ರೆಕ್ಕೆಯ ವಕ್ರರೇಖೆಯನ್ನು ಕೈಯಿಂದ ಕಡೆಯುವ ಕಷ್ಟದಿಂದ ಅಮೆರಿಕೆಯ ಜಾನ್ ಪಾರ್ಸನ್ಸ್ ಅಂಕಿಗಳ ಮಾರ್ಗವನ್ನು ಹುಡುಕಿದನು. 1952ರಲ್ಲಿ ಎಂಐಟಿಯ ಪ್ರಯೋಗಶಾಲೆಯಲ್ಲಿ ತೂತಿನ ಪಟ್ಟಿಯನ್ನೋದಿ ತಾನೇ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ಲೋಕಕ್ಕೆ ತೋರಿಸಲಾಯಿತು. ಜಪಾನಿನಲ್ಲಿ ಫುಜಿತ್ಸು ಸಂಸ್ಥೆಯೊಳಗೆ ಇದೇ ವಿದ್ಯೆಯನ್ನು ಬೆಳೆಯಿಸಿ, 1972ರಲ್ಲಿ ಬೇರೆಯಾಗಿ ನಿಂತ ಫ್ಯಾನುಕ್ ಕಂಪನಿಯ ಹಳದಿ ಬಣ್ಣ ಇಂದು ಜಗತ್ತಿನ ವರ್ಕ್‌ಶಾಪುಗಳಲ್ಲಿ ಚಿರಪರಿಚಿತ. ರಾಯಬಾಗದ ಈ ಲೇಥಿನ ತಲೆಯೂ, ಅಂದರೆ ನಿಯಂತ್ರಕವೂ, ಅವರದೇ.

ಇನ್ನು ನಮ್ಮ ಸೀಮೆಯ ಮಾತು. ಕಬ್ಬಿಣದ ಹುಚ್ಚು ಇಲ್ಲಿಗೆ ನಿನ್ನೆ ಮೊನ್ನೆ ಬಂದುದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು, 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನಿಟ್ಟು, ಅಲ್ಲಿಂದ ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಕೈಹಾಕಿ, 1910ರಲ್ಲಿ ಔಂಧ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ರಾಯಬಾಗದ ಮೇಲೆ ಹಾದುಹೋಗುವ ರೈಲುದಾರಿಯೇ ಮಿರಜವನ್ನು ದಾಟಿ ಆ ಊರನ್ನು ಮುಟ್ಟುತ್ತದೆ. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹರಿಹರದಲ್ಲಿ ಆರಂಭವಾಗಿ, ಅಲ್ಲಿಯ ಲೇಥುಗಳು ಕನ್ನಡನಾಡಿನ ಐಟಿಐಗಳಲ್ಲೆಲ್ಲ ತಲೆಮಾರುಗಟ್ಟಲೆ ಟರ್ನರುಗಳಿಗೆ ಅಕ್ಷರಾಭ್ಯಾಸ ಮಾಡಿಸಿದುವು. ಬೆಂಗಳೂರಿನಲ್ಲಿ 1953ರಲ್ಲಿ ಎಚ್‌ಎಂಟಿ, 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದು ಸಿಎಂಟಿಐ, 1979ರಲ್ಲಿ ಲೇಥು ಕಟ್ಟುವ ಏಸ್ ಡಿಸೈನರ್ಸ್. ಕೊನೆಗೆ 1992ರಲ್ಲಿ ಫ್ಯಾನುಕಿನ ಭಾರತದ ಕಚೇರಿಯೂ ಬೆಂಗಳೂರಿಗೇ ಬಂದಿತು.

ಆದರೆ ಬೆಂಗಳೂರು ಇಲ್ಲಿಂದ ಬಹುದೂರ. ರಾಯಬಾಗ, ಚಿಕ್ಕೋಡಿ, ಅಥಣಿಗಳ ವರ್ಕ್‌ಶಾಪುಗಳು ಬದುಕುವುದು ಕಬ್ಬಿನ ಮೇಲೆ. ಕೃಷ್ಣೆಯಾಚೆಯ ಉಗಾರದಲ್ಲಿ 1939ರಷ್ಟು ಹಿಂದೆಯೇ ಸಕ್ಕರೆ ಕಾರ್ಖಾನೆ ತಲೆಯೆತ್ತಿತು. ಈಗಂತೂ ದಸರೆ ಮುಗಿದು ದೀಪಾವಳಿ ಸಮೀಪಿಸಿತೆಂದರೆ ಕಬ್ಬು ನುರಿಸುವ ಹಂಗಾಮಿನ ಅವಸರ ಪ್ರತಿಯೊಂದು ಓಣಿಯಲ್ಲಿ. ಟ್ರೇಲರಿನ ಬುಶ್ಶು, ಚೈನಿನ ಪಿನ್ನು, ಪಂಪಿನ ಶಾಫ್ಟು: ಒಂದೇ ನಮೂನೆಯವು ನೂರಾರು, ಬೇಕಾದುದು ನಾಳೆ. ಇಂಥ ಕೆಲಸಕ್ಕೆ ಹೊಸ ಯಂತ್ರದ ಸಾಲ ಹೊರಲಾರದವನಿಗೆ ಹಳೆಯ ಸಿಎನ್‌ಸಿ ಲೇಥು ಹಾಲು ಕೊಡುವ ಮುದಿ ಎಮ್ಮೆಯಿದ್ದಂತೆ. ಕಿವಿ ಕೇಳಿಸದಿದ್ದರೇನು, ಕರೆಯುವುದನ್ನು ಕಲಿತರಾಯಿತು.

ಕೈಯಿಂದ ಕುಟ್ಟುವ ಮಾರ್ಗ

ಎಲ್ಲಕ್ಕೂ ಸರಳವಾದ ಉಪಾಯ, ಯಂತ್ರದ ಮುಖದ ಮೇಲಿರುವ ಗುಂಡಿಗಳಿಂದಲೇ ಒಂದೊಂದು ಅಕ್ಷರವನ್ನು ಒತ್ತಿ ಪ್ರೋಗ್ರಾಮನ್ನು ಒಳಗಿಳಿಸುವುದು. ಕಳೆದ ಆರು ತಿಂಗಳಿಂದ ಮಾಲಕರು ಮಾಡುತ್ತಿದ್ದುದು ಇದನ್ನೇ. ರೂಲು ಹಾಕಿದ ಇನ್ನೂರು ಪುಟದ ನೋಟುಬುಕ್ಕಿನಲ್ಲಿ, ನೀಲಿ ಶಾಯಿಯ ದುಂಡಗಿನ ಅಕ್ಷರಗಳಲ್ಲಿ, ಪ್ರತಿ ಜಾಬಿನ ಪ್ರೋಗ್ರಾಮನ್ನು ಬರೆದಿಟ್ಟುಕೊಂಡು, ಒಬ್ಬ ಹುಡುಗ ಓದಿ ಹೇಳುವುದು, ಇವರು ತೋರುಬೆರಳಿನಿಂದ ಕುಟ್ಟುವುದು. ಒಂದು ಜಾಬು ಮುಗಿದು ಇನ್ನೊಂದು ಬಂದರೆ ಮತ್ತೆ ಅದೇ ಪಾರಾಯಣ.

ಪಾರಾಯಣದಲ್ಲಿ ಸ್ಖಾಲಿತ್ಯ ಸಹಜ. ಶ್ರಾವಣದಲ್ಲೊಮ್ಮೆ ಐವತ್ತು ಮಿಲಿಮೀಟರ್ ವ್ಯಾಸಕ್ಕೆ ಟೂಲು ಬರಬೇಕೆಂದು ಎಕ್ಸ್50 ಎಂದು ಒತ್ತಿ, ಅದರ ಮುಂದಿನ ಚುಕ್ಕೆಯನ್ನು ಮರೆತರು. ಈ ತಲೆಮಾರಿನ ನಿಯಂತ್ರಕಕ್ಕೆ ಚುಕ್ಕೆಯಿಲ್ಲದ ಅಂಕಿಯೆಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಅಂಶದ ಲೆಕ್ಕ. ಐವತ್ತು ಎಂದರೆ ಐವತ್ತು ಮಿಲಿಮೀಟರ್ ಅಲ್ಲ, ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗ, ಅಂದರೆ ಕೂದಲೆಳೆಯ ದಪ್ಪ. ಆಜ್ಞಾಧಾರಕನಾದ ಟೂಲು ನೇರವಾಗಿ ಜಾಬಿನ ನಡುವಿನ ಕಡೆಗೆ ಧಾವಿಸಿ, ಟಿಪ್ಪು ಮುರಿದು, ಚಕ್ಕಿಗೆ ಬಡಿದು ನಿಂತಿತು. ಆ ಗಾಯದ ಗುರುತನ್ನು ಮಾಲಕರು ಬೆರಳಿನಿಂದ ಸವರಿ ತೋರಿಸಿದರು. “ಒಂದು ಚುಕ್ಕಿರೀ ಮಾಸ್ತರ, ಒಂದೇ ಚುಕ್ಕಿ!” ಅನುಸ್ವಾರ ಬಿಟ್ಟ ಹುಡುಗರ ಕಿವಿ ಹಿಂಡಿ ಮೂವತ್ತು ವರ್ಷ ಕಳೆದ ನನಗೆ ಆ ವ್ಯಥೆಯ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಷ್ಟು ಕಷ್ಟದಿಂದ ಒಳಗಿಳಿಸಿದುದಾದರೂ ಶಾಶ್ವತವೆ? ಅಲ್ಲ. ಯಂತ್ರದ ನೆನಪನ್ನು, ಕರೆಂಟು ಹೋದಾಗ, ಮೂರು ದಪ್ಪ ಟಾರ್ಚ್ ಶೆಲ್ಲುಗಳು ಕಾಯುತ್ತವೆ. ಆ ಶೆಲ್ಲು ಬದಲಿಸುವಾಗ ಯಂತ್ರದ ಕರೆಂಟು ಇದ್ದೇ ಇರಬೇಕು. ಬಂದ್ ಮಾಡಿ ಬದಲಿಸಿದರೆ ಪ್ರೋಗ್ರಾಮುಗಳಷ್ಟೇ ಅಲ್ಲ, ಯಂತ್ರಕ್ಕೆ ತನ್ನ ಸ್ವಂತ ಮೈಯ ಅಳತೆಯನ್ನು ಹೇಳುವ ಪ್ಯಾರಾಮೀಟರುಗಳೂ ಅಳಿಸಿಹೋಗುತ್ತವೆ. ಮನೆಯ ಗಡಿಯಾರಕ್ಕೆ ಶೆಲ್ಲು ಹಾಕುವ ರೂಢಿಯಿಂದ ಸ್ವಿಚ್ಚು ಆರಿಸಿ ಕೈಹಾಕಿದವರು ಎಷ್ಟು ಯಂತ್ರಗಳನ್ನು ಒಂದೇ ನಿಮಿಷದಲ್ಲಿ ನಿರಕ್ಷರಿಗಳನ್ನಾಗಿ ಮಾಡಿದ್ದಾರೆಂಬುದನ್ನು ಆ ಯಂತ್ರಗಳೇ ಬಲ್ಲುವು.

ಮೂರು ತಂತಿಯ ಮಾರ್ಗ

ಆ ಸಂಜೆ ನಡೆದಿದ್ದುದು ಎರಡನೆಯ ಉಪಾಯ. ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸಕ್ಕಿರುವ ಮಾಲಕರ ಅಕ್ಕನ ಮಗ ದಸರೆಯ ರಜೆಗೆ ಬಂದವನು, ಮಗುಚಿಟ್ಟ ಎಣ್ಣೆ ಡಬ್ಬಿಯ ಮೇಲೆ ತನ್ನ ಹಳೆಯ ಲ್ಯಾಪ್‌ಟಾಪನ್ನು ಕೂರಿಸಿ, ಯಂತ್ರದ ಬೆನ್ನಿನಲ್ಲಿದ್ದ ಇಪ್ಪತ್ತೈದು ಸೂಜಿಗಳ ಒಂದು ಕನೆಕ್ಟರಿಗೆ ಕೇಬಲ್ ಬೆಸೆಯುತ್ತಿದ್ದನು.

ಆ ಕನೆಕ್ಟರಿನ ಹೆಸರು ಆರ್‌ಎಸ್-232. ಅದರ ಪದ್ಧತಿ 1960ರಷ್ಟು ಹಳೆಯದು. ಯಂತ್ರ ಕಟ್ಟಿದವರು ಅದನ್ನಿಟ್ಟಿದ್ದುದು ಲ್ಯಾಪ್‌ಟಾಪಿಗಾಗಿ ಅಲ್ಲವೆಂಬುದು ಸ್ಪಷ್ಟ. ಹೊರಗಿನಿಂದ ಹೊತ್ತು ತಂದು ಜೋಡಿಸಬಹುದಾದ ಇನ್ನೊಂದು ಪಟ್ಟಿಯ ರೀಡರಿಗಾಗಿ, ಅಥವಾ 1963ರಲ್ಲಿ ಬಂದ ಎಎಸ್‌ಆರ್-33 ಎಂಬ ಟೆಲಿಟೈಪು ಯಂತ್ರಕ್ಕಾಗಿ. ಕೀಲಿಮಣೆಯಿದ್ದು, ಕಾಗದದ ಮೇಲೆ ಅಚ್ಚೊತ್ತಿ, ಬದಿಯಲ್ಲಿ ಪಟ್ಟಿಯನ್ನೂ ಕೊರೆದು ಓದುತ್ತಿದ್ದ ಆ ಗಡಗಡ ಸದ್ದಿನ ಯಂತ್ರದ ವೇಗ ಸೆಕೆಂಡಿಗೆ ಹತ್ತು ಅಕ್ಷರ, ಅಂದರೆ ಸೆಕೆಂಡಿಗೆ ಒಂದು ಅಂಗುಲ ಪಟ್ಟಿ. ಸಾವಿರ ಅಕ್ಷರದ ಪ್ರೋಗ್ರಾಂ ಎಂದರೆ ಎರಡೂವರೆ ಮೀಟರಿಗೆ ಕೊಂಚ ಮಿಕ್ಕ ಪಟ್ಟಿ, ನೂರು ಸೆಕೆಂಡಿನ ಗದ್ದಲ. ಹುಡುಗನು ಆಯ್ದುಕೊಂಡಿದ್ದ 4800 ಬಾಡ್ ವೇಗದಲ್ಲಿ ಅದೇ ಕೆಲಸಕ್ಕೆ ಎರಡು ಸೆಕೆಂಡಿಗೆ ತುಸು ಹೆಚ್ಚು.

ಎಂದಮೇಲೆ ಲ್ಯಾಪ್‌ಟಾಪು ಮಾಡಬೇಕಾದುದಿಷ್ಟೆ: ತಾನು ಲ್ಯಾಪ್‌ಟಾಪೆಂಬುದನ್ನು ಮುಚ್ಚಿಟ್ಟು, ಪಟ್ಟಿಯ ರೀಡರಿನ ವೇಷ ಕಟ್ಟುವುದು. ರೀಡರು ಹೇಗೆ ಮಾತನಾಡುತ್ತಿತ್ತೋ ಹಾಗೆ: ಏಳು ತೂತಿನ ಅಕ್ಷರ, ಎಂಟನೆಯದು ಸಮಸಂಖ್ಯೆಯ ಕಾವಲು, ಅಕ್ಷರದ ಕೊನೆಗೆ ಎರಡು ವಿರಾಮ. ಯಂತ್ರ ‘ಕೊಡು’ ಎಂಬ ಸಂಕೇತವನ್ನು ಕಳಿಸಿದಾಗ ಕೊಡಬೇಕು, ‘ತಡೆ’ ಎಂದಾಗ ತಡೆಯಬೇಕು. ಯಂತ್ರದ ಬಾಯಿ ಸಣ್ಣದು, ಒಂದೇ ಸಲಕ್ಕೆ ಸುರಿದರೆ ಉಸಿರುಕಟ್ಟುತ್ತದೆ. ನಮ್ಮ ಕಡೆಯ ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಹಿಂದೆ ಗಂಡಸರೇ ಸೀರೆಯುಟ್ಟು ಸತ್ಯಭಾಮೆಯಾಗುತ್ತಿದ್ದಾಗ ಅದು ವೇಷವೆಂಬುದು ನೋಡುವವರಿಗೆಲ್ಲ ಗೊತ್ತಿತ್ತು. ಇಲ್ಲಿಯ ಪ್ರೇಕ್ಷಕನಾದ ಯಂತ್ರಕ್ಕೆ ಮಾತ್ರ ಅದು ಕಡೆಯತನಕ ಗೊತ್ತಾಗಕೂಡದು.

> ತಂತಿಯ ಜಾತಕ
>
> ಲ್ಯಾಪ್‌ಟಾಪಿನ ಕಡೆ ಒಂಬತ್ತು ಸೂಜಿ, ಯಂತ್ರದ ಕಡೆ ಇಪ್ಪತ್ತೈದು. ಎರಡಕ್ಕೆ ಎರಡು, ಮೂರಕ್ಕೆ ಮೂರು, ಐದಕ್ಕೆ ಏಳು: ಇಷ್ಟೇ ಮೂರು ತಂತಿ.
>
> ಯಂತ್ರದ ಕಡೆ ನಾಲ್ಕು-ಐದನ್ನು ತಮ್ಮತಮ್ಮಲ್ಲೇ ಕೂಡಿಸಬೇಕು, ಆರು-ಎಂಟು-ಇಪ್ಪತ್ತನ್ನೂ ಹಾಗೆಯೇ. ಎದುರಿಗೆ ಯಾರೋ ಸಿದ್ಧರಾಗಿ ಕುಳಿತಿದ್ದಾರೆಂದು ಯಂತ್ರವನ್ನು ನಂಬಿಸುವ ಗಂಟು ಇದು.
>
> ಈ ಜಾತಿಯ ಫ್ಯಾನುಕ್ ನಿಯಂತ್ರಕಗಳಲ್ಲಿ ಇಪ್ಪತ್ತೈದನೆಯ ಸೂಜಿಯ ಮೇಲೆ 24 ವೋಲ್ಟ್ ಇರುವುದುಂಟು. ಅದು ಹೊರಗಿನ ರೀಡರಿಗೆ ಇಟ್ಟ ಊಟ, ಲ್ಯಾಪ್‌ಟಾಪಿಗೆ ವಿಷ.

ಇಪ್ಪತ್ತೈದು ತಂತಿಗಳಿರುವ ಸಿದ್ಧ ಕೇಬಲ್ಲನ್ನು ಪೇಟೆಯಿಂದ ತಂದು ಸಿಕ್ಕಿಸಿ, ಕಂಪ್ಯೂಟರನ್ನು ಸುಟ್ಟುಕೊಂಡವರ ಕಥೆಗಳು ಈ ಉದ್ಯೋಗದಲ್ಲಿ ಹೇರಳ. ಈ ಹುಡುಗನು ಆ ಕಥೆಗಳನ್ನು ಕೇಳಿದ್ದವನಾದುದರಿಂದ ಮೂರೇ ತಂತಿಗಳನ್ನು ಬೆಸೆಯುತ್ತಿದ್ದನು.

ಆರ್‌ಎಸ್-232 ಕೂಡ ಇಲ್ಲದ, ಇದಕ್ಕಿಂತ ಹಿರಿಯ ಯಂತ್ರಗಳೂ ಇವೆ. ಅವುಗಳಿಗೆ ಮೂರನೆಯ ಉಪಾಯವೇ ಗತಿ: ರೀಡರಿನಿಂದ ನಿಯಂತ್ರಕಕ್ಕೆ ಹೋಗುವ ತಂತಿಯ ಕಟ್ಟನ್ನೇ ಬಿಚ್ಚಿ, ರೀಡರಿನ ಜಾಗದಲ್ಲಿ ಒಂದು ಸಣ್ಣ ಪೆಟ್ಟಿಗೆಯನ್ನು ಕೂರಿಸುವುದು. ಆ ಪೆಟ್ಟಿಗೆ ಎಂಟು ತಂತಿಗಳ ಮೇಲೆ ಎಂಟು ತೂತುಗಳ ಬೆಳಕು-ಕತ್ತಲೆಗಳನ್ನೂ, ಒಂಬತ್ತನೆಯದರ ಮೇಲೆ ಹಲ್ಲುಚಕ್ರದ ತೂತಿನ ಮಿಡಿತವನ್ನೂ ಅನುಕರಿಸುತ್ತದೆ. ಇಲ್ಲದ ಪಟ್ಟಿ ಓಡುತ್ತದೆ, ಇಲ್ಲದ ದೀಪ ಉರಿಯುತ್ತದೆ. ಕಪಟದಲ್ಲಿ ಇದು ಪರಾಕಾಷ್ಠೆ. ನನಗಂತೂ ಈ ಉಪಾಯದ ಮೇಲೆಯೇ ಹೆಚ್ಚು ಪ್ರೀತಿ.

> ಮೀಟರಿನಲ್ಲಿ ಅಳೆಯುವ ನೆನಪು
>
> ಪಟ್ಟಿ ಹೋದರೂ ಅದರ ಭಾಷೆ ಹೋಗಿಲ್ಲ. ಪ್ರೋಗ್ರಾಂ ಮುಗಿದಾಗ ಬರೆಯುವ ಎಂ30 ಎಂಬ ಆಜ್ಞೆಯ ಮೂಲ ಅರ್ಥ ಪಟ್ಟಿಯನ್ನು ಹಿಂದಕ್ಕೆ ಸುತ್ತು ಎಂದು. ಮೊದಲಲ್ಲೂ ಕೊನೆಯಲ್ಲೂ ಬರುವ % ಚಿಹ್ನೆ, ಸುತ್ತಿಕೊಂಡು ಬಂದ ಪಟ್ಟಿ ನಿಲ್ಲಬೇಕಾದ ಗುರುತು.
>
> ಫ್ಯಾನುಕ್ ನಿಯಂತ್ರಕದ ನೆನಪಿನ ಶಕ್ತಿಯನ್ನು ಹೇಳುತ್ತಿದ್ದುದು ಮೀಟರುಗಳಲ್ಲಿ: 80 ಮೀಟರ್ ಎಂದರೆ ಸುಮಾರು 31,500 ಅಕ್ಷರ. ಇಂದು ಮೊಬೈಲಿನಲ್ಲಿ ತೆಗೆಯುವ ಮೂರು ಎಂಬಿಯ ಒಂದು ಫೋಟೋವನ್ನು ಪಟ್ಟಿಯ ಮೇಲೆ ಕೊರೆದರೆ ಏಳೂವರೆ ಕಿಲೋಮೀಟರ್ ದಾಟುತ್ತದೆ. ಹಿಂದಿನವರ ಲೆಕ್ಕದಲ್ಲಿ ಒಂದೂವರೆ ಹರದಾರಿ.

ಗಂಟೆ ಎಂಟಾಗಿತ್ತು. ಹುಡುಗನು ನಿಯಂತ್ರಕವನ್ನು ‘ಎಡಿಟ್’ ಸ್ಥಿತಿಗೆ ತಿರುಗಿಸಿ, ‘ರೀಡ್’ ಗುಂಡಿಯನ್ನೊತ್ತಿದನು. ಕೇಳುವವನು ಮೊದಲು ಕಿವಿಗೊಟ್ಟು ಕುಳಿತ ಮೇಲೆಯೇ ಹೇಳುವವನು ಬಾಯಿತೆರೆಯಬೇಕೆಂಬುದು ಇಲ್ಲಿಯ ಶಿಷ್ಟಾಚಾರ. ಹಸುರು ತೆರೆಯ ಮೇಲೆ ಅಕ್ಷರಗಳ ಬದಲು ಒಂದು ಸಂಖ್ಯೆ ಮಿನುಗಿತು.

“ಎಂಬತ್ತಾರು ಅನ್ನಾಕತ್ತೈತ್ರಿ ಮಾಮಾ.”

“ಎಂಬತ್ತಾರಂದ್ರ?”

“ಈ ಕಡೆ ಯಾರೂ ಇಲ್ಲ ಅಂತೈತಿ.”

“ನೀ ಕುಂತೀಯಲ್ಲೋ!”

ಆರು-ಎಂಟು-ಇಪ್ಪತ್ತರ ಗಂಟಿನಲ್ಲಿ ಒಂದು ಬೆಸುಗೆ ಬಿಟ್ಟಿತ್ತು. ಟಾರ್ಚು ಹಿಡಿದು, ಕನ್ನಡಕ ಒರೆಸಿ, ಮತ್ತೆ ಬೆಸೆದದ್ದಾಯಿತು. ಈ ಸಲ ಎಂಬತ್ತೈದು: ಯಾರೋ ಇದ್ದಾರೆ, ಆದರೆ ಆಡುವ ಮಾತು ತೊದಲು. ವೇಗ ಸರಿ, ತೂತಿನ ಲೆಕ್ಕ ಸರಿ, ವಿರಾಮ ಸರಿ. ಹುಡುಗನು ತಲೆ ಕೆರೆದುಕೊಂಡನು. ತಪ್ಪು ನೆಲದಲ್ಲಿತ್ತು. ಲ್ಯಾಪ್‌ಟಾಪಿನ ಚಾರ್ಜರು ಗೋಡೆಯ ಒಂದು ಪ್ಲಗ್ಗಿನಿಂದ, ಯಂತ್ರ ತ್ರೀಫೇಸ್ ಲೈನಿನಿಂದ. ಎರಡರ ಅರ್ಥಿಂಗೂ ಬೇರೆ, ನಡುವಿನ ವೋಲ್ಟೇಜಿನ ವ್ಯತ್ಯಾಸವೆಲ್ಲ ಆ ಬಡ ಮೂರು ತಂತಿಗಳ ಮೇಲೆ. ಹುಡುಗನು ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದನು. ಮಾಮಾ ಅಷ್ಟಕ್ಕೆ ಬಿಡದೆ, ಉಪ್ಪು-ಇದ್ದಿಲು ತುಂಬಿದ ಹಿತ್ತಲಿನ ಅರ್ಥಿಂಗಿನ ಗುಂಡಿಗೆ ಎರಡು ಕೊಡ ನೀರು ಹೊಯ್ಯಿಸಿದರು. ಎರಡರಲ್ಲಿ ಯಾವುದು ಫಲಿಸಿತೆಂಬ ವಿಷಯದಲ್ಲಿ ಮಾವ ಅಳಿಯಂದಿರಿಗೆ ಇಂದಿಗೂ ಒಮ್ಮತವಿಲ್ಲ.

ಮೂರನೆಯ ಸಲ ರೀಡ್ ಗುಂಡಿಯೊತ್ತಿ, ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟೊಡನೆ, ತೆರೆಯ ಮೂಲೆಯಲ್ಲಿ ಒಂದು ಗುರುತು ಎರಡು ಸಲ ಮಿಡಿದು ಆರಿತು. ಪುಟ ತಿರುಗಿಸಿದರೆ ಪ್ರೋಗ್ರಾಮಿನ ಸಂಖ್ಯೆ, ಓ0012. ಅದರ ಕೆಳಗೆ ಟ್ರೇಲರ್ ಬುಶ್ಶಿನ ಪ್ರೋಗ್ರಾಮು, ಚುಕ್ಕೆ ಸಮೇತ, ಸಾಲು ಸಾಲಾಗಿ ನಿಂತಿತ್ತು. ನೋಟುಬುಕ್ಕಿನ ಹುಡುಗ ಪುಟ ತೆರೆದು ಒಂದೊಂದೇ ಸಾಲನ್ನು ತಾಳೆ ನೋಡಿ ಕೊನೆಗೆ, “ಬರೋಬರಿ ಐತ್ರಿ ಮಾಲಕ್ರ,” ಎಂದನು.

ಖಂಡೇನವಮಿಯ ದಿನ ಆಯುಧ ಮುಟ್ಟುವಂತಿಲ್ಲವಷ್ಟೆ. ಆದುದರಿಂದ ಪರೀಕ್ಷೆ ಆ ರಾತ್ರಿಯೇ ಆಗಬೇಕಾಗಿತ್ತು. ಮೊದಲು ಚಕ್ಕು ಖಾಲಿಯಿಟ್ಟು ಒಂದೊಂದೇ ಸಾಲು ನಡೆಯಿಸಿ, ಟೂಲು ಎತ್ತ ಹೋಗುವುದೆಂಬುದನ್ನು ಗಾಳಿಯಲ್ಲಿ ನೋಡಿದರು. ಆಮೇಲೆ ಜಾಬು ಹಿಡಿದು, ಬಾಗಿಲೆಳೆದು, ಹಸುರು ಗುಂಡಿ. ಕೂಲಂಟು ಹಾಲಿನಂತೆ ಸುರಿಯಿತು, ನೀಲಿಗಟ್ಟಿದ ಕಬ್ಬಿಣದ ಸುರುಳಿಗಳು ತಟ್ಟೆಗೆ ಉದುರಿದುವು. ಹೊರಗೆ ಬಂದ ಬುಶ್ಶು ಇನ್ನೂ ಬೆಚ್ಚಗಿತ್ತು. ಮಾಲಕರು ಅದನ್ನು ಪಂಚೆಯ ಚುಂಗಿನಿಂದ ಒರೆಸಿ, ಆರಲು ಬಿಟ್ಟು, ಮೈಕ್ರೋಮೀಟರು ಹಚ್ಚಿ, ಏನೂ ಹೇಳದೆ ಅಳಿಯನ ಕೈಗೆ ಕೊಟ್ಟರು.

ಮರುದಿನ ಮುಂಜಾನೆ ಪ್ರಸಾದಕ್ಕೆಂದು ಹೋದಾಗ ಲೇಥಿನ ನೆತ್ತಿಯ ಮೇಲೆ ಚೆಂಡುಹೂವಿನ ಮಾಲೆ, ಎರಡೂ ಪಕ್ಕದಲ್ಲಿ ಕಬ್ಬು, ಟರೆಟ್ಟಿನ ಒಂದೊಂದು ಟೂಲಿಗೂ ವಿಭೂತಿ ಕುಂಕುಮ. ತಗಡಿನ ಡಬ್ಬಿಯೊಳಗಿನ ಆ ಎಣ್ಣೆಗಾಗದದ ಸುರುಳಿಗಳನ್ನೂ ವರ್ನಿಯರಿನ ಪಕ್ಕದಲ್ಲಿ, ಒಂದು ತಾಟಿನಲ್ಲಿಟ್ಟು ಅರಿಶಿನ ಹಾಕಿದ್ದರು. ಯಂತ್ರದ ಹಿಂಬಾಗಿಲ ಮೇಲೆ ಮಾತ್ರ ಯಾರೂ ಕುಂಕುಮ ಹಚ್ಚಿರಲಿಲ್ಲ; ಅಲ್ಲಿ ಹಿಂದಿನ ರಾತ್ರಿ ಹುಡುಗನು ಸುಣ್ಣದ ಕಡ್ಡಿಯಿಂದ ದಪ್ಪಕ್ಷರದಲ್ಲಿ ಬರೆದಿದ್ದನು: 2ಕ್ಕ 2, 3ಕ್ಕ 3, 5ಕ್ಕ 7. ಅದರ ಕೆಳಗೆ ಎರಡು ಗೆರೆ ಎಳೆದು: 25 ಮುಟ್ಟಬ್ಯಾಡ್ರಿ.